ತೋಪು ಹಿಡಿದ ಕೈ

ಬೇರೆಯವರು ಬರೆದದ್ದನ್ನು ಓದುವಾಗ ತನ್ನ ದನಿ ಗಂಟೆಯ ಹಾಗಿರುತ್ತದೆ, ಸ್ವಂತದ್ದೊಂದು ಮಾತು ಆಡಹೋದರೆ ಮಾತ್ರ ಗಂಟಲಿಗೆ ಹತ್ತಿ ತುರುಕಿದಂತಾಗುತ್ತದೆ. ಇದು ರೋಗವೋ ಹೇಡಿತನವೋ ಎಂದು ತೂಬಾ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಳು. ತೆಹರಾನಿನ ಅರಮನೆ ಚೌಕದತ್ತ ನಡೆಯುತ್ತಿರುವ ಈಗಲೂ ಅವಳಿಗೆ ಅದೇ ಚಿಂತೆ. ಮೈತುಂಬ ಹೊದ್ದ ಚಾದರದೊಳಗೆ ಮಡಿಸಿಟ್ಟ ಕಾಗದ ಅಂಗೈ ಬೆವರಿಗೆ ಒದ್ದೆಯಾಗುತ್ತಿತ್ತು.

ಕಾಗದ ಕೊಟ್ಟವಳು ಶಾಹನ ತಂಗಿ ಬದರ್ ಖಾನುಂ. ತೂಬಾ ಅವಳಿಗೆ ಕಥೆ ಓದಿ ಹೇಳುವ ಹುಡುಗಿ.

"ನಿನ್ನ ಕಂಠ ಚೆನ್ನಾಗಿದೆ, ಹೋಗಿ ಓದು. ಗಂಡಸರು ಓದಿದ್ರೆ ಚೌಕದ ಹೆಂಗಸರು ನಂಬಲ್ಲ," ಎಂದಿದ್ದಳು ಖಾನುಂ, ಪಿಸ್ತಾ ಸುಲಿಯುತ್ತಾ. ತನ್ನ ಗಂಡ ಮಿರ್ಜಾ ನಸೀರನೊಡನೆ ಮಲಗುತ್ತಿದ್ದ ಆಫ್ರಿಕಾದ ಹಬಶಿ ದಾಸಿ ಸನೋಬರಳೇ ಹೊಟ್ಟೆಕಿಚ್ಚಿಗೆ ವಿಷ ಹಾಕಿ ಅವನನ್ನು ಕೊಂದಳು, ತೂಬಾ ಅದಕ್ಕೆ ಸಾಕ್ಷಿ ಎಂದು ಕಾಗದದಲ್ಲಿ ಬರೆಸಿದ್ದಳು.

ನಡೆದದ್ದು ಬೇರೆ. ಆ ಮನೆಯಲ್ಲಿ ದಿನವೂ ಚಹಾ. ಕಾಫಿ ಕಾಯಿಸುತ್ತಿದ್ದುದು ಸಾವಾದಾಗ ಮಾತ್ರ. ಮೊನ್ನೆ ಮಧ್ಯಾಹ್ನ, ಯಾರೂ ಸಾಯದ ದಿನ, ಖಾನುಂ ಕಾಫಿ ತರಿಸಿದಳು. ನ್ಯಾಯಸಭೆ ಬೇಕೆಂದು ವರ್ತಕರು ಶಾಹನ ವಿರುದ್ಧ ಬರೆದ ಅರ್ಜಿಗೆ ಮಿರ್ಜಾ ತನ್ನ ಮುದ್ರೆ ಒತ್ತಿದ್ದ. ಅಣ್ಣನ ಮುಂದೆ ಅವಳ ತಲೆ ತಗ್ಗಿತ್ತು. ಸನೋಬರ್ ತಂದ ಬಟ್ಟಲನ್ನು ಖಾನುಂ ತಾನೇ ತೆಗೆದುಕೊಂಡಳು, ಉಂಗುರದ ಮುಚ್ಚಳ ತೆರೆದು ಏನೋ ಉದುರಿಸಿ ಕಲಕಿದಳು. ಪುಸ್ತಕ ಹಿಡಿದು ಮೂಲೆಯಲ್ಲಿದ್ದ ತೂಬಾ ಅದನ್ನು ಕಂಡಳು.

"ಯಾರು ಹೋದ್ರು, ಖಾನುಂ?" ಮಿರ್ಜಾ ನಕ್ಕ.

"ಕುಡೀರಿ, ಗೊತ್ತಾಗತ್ತೆ."

ಬಾಗಿಲಾಚೆ ಕಾವಲಿನ ಮುಖ್ಯಸ್ಥ ಗಜನ್‌ಫರ್ ಕೈಗೆ ಹಗ್ಗ ಸುತ್ತಿಕೊಂಡು ನಿಂತಿದ್ದ. ಮಿರ್ಜಾ ಅವನನ್ನು ನೋಡಿದ, ಬಟ್ಟಲನ್ನು ನೋಡಿದ, ಕುಡಿದ. ಜಮಖಾನೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾ, ನೆತ್ತರು ಕಾರುತ್ತಾ ಸತ್ತ. ಸನೋಬರ್ ಬರಿಗಾಲಲ್ಲಿ ಓಡಿದಳು.

ಓಡಿ ಹಿಡಿದದ್ದು ಚೌಕದ ಕಂಚಿನ ತೋಪನ್ನು, ಆಸರೆ ಬೇಡುವವರು ಬಂದು ಹಿಡಿಯುವ ಹಳೆಯ ಫಿರಂಗಿಯನ್ನು. ಅದನ್ನು ಹಿಡಿದವರನ್ನು ಶಾಹನೂ ಎಳೆಯುವಂತಿಲ್ಲ. ಅವಳು ಇನ್ನೂ ಹಾಗೆಯೇ ಅದನ್ನು ತಬ್ಬಿಕೊಂಡಿದ್ದಳು, ತುಟಿ ಒಡೆದು ಕಪ್ಪಾಗಿತ್ತು. ಸುತ್ತ ರೊಟ್ಟಿಯಂಗಡಿಯಿಂದ ಬಂದ ಹೆಂಗಸರ ಗುಂಪು. ಗಜನ್‌ಫರ್ ಕಬ್ಬಿಣದ ಕಟ್ಟು ಹಾಕಿದ ದೊಣ್ಣೆ ತೂಗುತ್ತಿದ್ದ.

"ಮುಟ್ಟಿ ನೋಡೋ, ನಿನ್ನ ವಂಶ ಒಣಗಿಹೋಗತ್ತೆ!" ಮುದುಕಿಯೊಬ್ಬಳು ಕೂಗಿದಳು.

"ನಾನ್ಯಾಕೆ ಮುಟ್ಟಲಿ ಅಜ್ಜೀ? ತೋಪಿಗೆ ಧೂಳು ಕೂತಿದೆ, ಕೊಡವ್ತಾ ಇದೀನಿ. ನಡುವೆ ಬೆರಳು ಬಂದ್ರೆ ನಾನೇನ್ಮಾಡ್ಲಿ?"

ದೊಣ್ಣೆ ಬಿತ್ತು. ಕಂಚು ಮೊಳಗಿತು. ಅದರೊಳಗೆ ಒಣ ಚಕ್ಕೆ ಮುರಿದಂಥ ಸಣ್ಣ ಸದ್ದು ತೂಬಾಳಿಗೆ ಬೇರೆಯಾಗಿಯೇ ಕೇಳಿಸಿತು. ಸನೋಬರ್ ಊಳಿಟ್ಟಳು, ಬಲಗೈ ಜಾರಿದಾಗ ಎಡಗೈ ಚಾಚಿ ತೋಪನ್ನು ಹಿಡಿದಳು. ಆ ಕೈಯ ಮೇಲೂ ಬಿತ್ತು. ಜಜ್ಜಿದ ಬೆರಳುಗಳು ಮಾತು ಕೇಳದಾದಾಗ ಮೊಣಕೈಯಿಂದ ಅಪ್ಪಿಕೊಂಡಳು.

"ಬಂದ್ಯಾ ತಾಯೀ?" ಗಜನ್‌ಫರ್ ತೂಬಾಳತ್ತ ತಿರುಗಿದ. "ಓದು. ಕೊಲೆಗಾತಿಗೆ ತೋಪಿನ ಆಸರೆ ಇಲ್ಲ. ಸಾಕ್ಷಿ ಕೇಳ್ಲಿ ಇವರು, ಆಮೇಲೆ ನನ್ನ ಕೆಲಸ."

ತೂಬಾ ಕಾಗದ ಬಿಡಿಸಿದಳು. ದನಿ ಗಂಟೆಯಂತೆಯೇ ಬಂತು. "ತೂಬಾ ಎಂಬ ನಾನು ಕಣ್ಣಾರೆ ಕಂಡೆ—"

ನಿಲ್ಲಿಸಿದಳು. ಅಲ್ಲಿಯವರೆಗೆ ಕಾಗದ ಸುಳ್ಳು ಹೇಳಿರಲಿಲ್ಲ.

"ಮುಂದೆ ಓದಮ್ಮಾ, ಅಕ್ಷರ ಮರೆತುಹೋಯ್ತಾ?" ಎಂದು ನಗುತ್ತಾ ಅವನು ಮತ್ತೆ ದೊಣ್ಣೆ ಎತ್ತಿ ಸನೋಬರಳ ಮೊಣಕೈಗೆ ಬೀಸಿದ. ಮೂಳೆ ಹೊರಬಂತು. ಅವಳು ಹಲ್ಲಿನಿಂದ ಕಂಚಿನ ಅಂಚನ್ನು ಕಚ್ಚಿ ಹಿಡಿದಳು. ಅವಳ ಕಣ್ಣು ತೂಬಾಳನ್ನು ಹುಡುಕಲಿಲ್ಲ. ಈ ಹುಡುಗಿ ಮಾತಾಡುತ್ತಾಳೆಂದು ಅವಳಿಗೆ ನಂಬಿಕೆಯೇ ಇದ್ದಂತಿರಲಿಲ್ಲ.

ಕಾಗದ ಕೈಯಿಂದ ಜಾರಿತು. ತೂಬಾ ಮುಂದೆ ಹೋಗಿ ತೋಪಿನ ಮೇಲೆ ಅಂಗೈ ಊರಿದಳು. ಬಿಸಿಲಿಗೆ ಕಂಚು ಸುಡುತ್ತಿತ್ತು, ನೆತ್ತರು ಅಂಟಂಟಾಗಿತ್ತು.

"ಕೈ ತೆಗಿ," ಎಂದ ಗಜನ್‌ಫರ್. ಈಗ ಅವನು ನಗುತ್ತಿರಲಿಲ್ಲ. ದೊಣ್ಣೆ ಅವಳ ಬೆರಳಿನ ಮೇಲೆ ನೆರಳು ಹಾಕಿತು.

ಬಂದ ದನಿ ಗಂಟೆಯಂತಿರಲಿಲ್ಲ. ಒಡೆದಿತ್ತು, ಕೀರಲಾಗಿತ್ತು, ಆದರೂ ಕೊನೆಯ ಸಾಲಿನ ಹೆಂಗಸಿಗೂ ಕೇಳಿಸಿತು.

"ವಿಷ ಹಾಕಿದ್ದು ಬದರ್ ಖಾನುಂ. ನಾನು ನೋಡಿದೆ."