ಮೂಗಿಗೆ ಹತ್ತು ನಿಮಿಷ

ನಮ್ಮ ಮನೆ ವೈಟ್‌ಫೀಲ್ಡಿನ ಹಿಂಬದಿ, ರಾಜಕಾಲುವೆಯ ಪಕ್ಕ. ಕಾಲುವೆ ಗಬ್ಬು ನಾರುತ್ತದೆ ಎಂದು ಬಂದವರೆಲ್ಲ ಹೇಳುತ್ತಾರೆ. ಅಲ್ಲೇ ಹುಟ್ಟಿ ಬೆಳೆದ ನನಗೆ ಅದು ಯಾವತ್ತೂ ನಾರಿದ್ದಿಲ್ಲ. ಅಪ್ಪ ಶ್ಯಾಮಣ್ಣ ರಾಗಿ ಹೊಲದಲ್ಲಿ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಮೂಗು ಮುಚ್ಚಿಕೊಂಡು ದೂರು ತರುವ ಬಾಡಿಗೆಯವರಿಗೆ ಅವರ ಉತ್ತರ ಒಂದೇ: "ಒಂದ್ ವಾರ ಇದ್ ನೋಡಿ ಸಾರ್, ಸರಿಹೋಗುತ್ತೆ."

ಮೂಗು ಸರಿಹೋಗುತ್ತದೆ, ಕಾಲುವೆ ಹಾಗೇ ಇರುತ್ತದೆ. ನಾನು ಓದಿದ್ದೂ ಇದನ್ನೇ. ಲ್ಯಾಬಿನಲ್ಲಿ ನೊಣಗಳಿಗೆ ವಾಸನೆ ತೋರಿಸಿ, ಅವುಗಳ ನರ ಏನೆನ್ನುತ್ತದೆ ಎಂದು ಅಳೆಯುವುದು ನನ್ನ ಕೆಲಸ. "ನೊಣ ನಮ್ಮನೇಲೇ ಬೇಕಾದಷ್ಟಿತ್ತಲ್ಲೇ ದಿವ್ಯಾ" ಅನ್ನುತ್ತಾಳೆ ಅಮ್ಮ. ನರ ಅನ್ನುವುದು ಸೋಮಾರಿ ಗುಮಾಸ್ತ. ಸುತ್ತ ಸಾಮಾನ್ಯವಾಗಿ ಏನಿರುತ್ತದೆ, ಎಷ್ಟು ಏರಿಳಿಯುತ್ತದೆ ಎಂದು ನೋಡಿಕೊಂಡು ಅದಕ್ಕೆ ತಕ್ಕಂತೆ ತನ್ನ ಅಳತೆ ಬದಲಿಸಿಕೊಳ್ಳುತ್ತದೆ. ದಿನವೂ ಇರುವುದನ್ನು ವರದಿ ಮಾಡುವುದಿಲ್ಲ. ಏನಾದರೂ ಬದಲಾದರೆ ಮಾತ್ರ ಬಾಯಿ ಬಿಡುತ್ತದೆ.

ಶಿವಶಂಕರನ ತಾಯಿ ಹೆಣ್ಣು ನೋಡಲು ಬರುತ್ತಾರೆಂದಾಗ ನನಗೆ ಈ ಗುಮಾಸ್ತನೇ ಗತಿಯಾದ. ಶಿವಶಂಕರನನ್ನು ನಾನು ಒಪ್ಪಿ ಆಗಿತ್ತು. ಪೀಣ್ಯದಲ್ಲಿ ಅವನಿಗೆ ಪ್ರೆಸ್ಸಿನಲ್ಲಿ ತಗಡು ಒತ್ತುವ ಪುಟ್ಟ ಕಾರ್ಖಾನೆ, ಅದರ ಮೇಲೇ ಮನೆ. ಅವನ ತಾಯಿ ಚಿಕ್ಕಮುನಿಯಮ್ಮ ಹೂಂ ಅನ್ನಬೇಕಿತ್ತು, ಅಷ್ಟೇ. ಹಿಂದೆ ಬಂದ ಗಂಡಿನ ಕಡೆಯವರು ಕಾಫಿಗೂ ಕಾಯದೆ ಎದ್ದು ಹೋಗಿದ್ದರು. ಆಗ ಪೀಡೆ ತೊಲಗಿತು ಅಂದುಕೊಂಡಿದ್ದೆ. ಈ ಸಲ ನನಗೆ ಭಯವಾಗಿತ್ತು.

"ಕಿಟಕಿ ತೆಗೀಬೇಡಿ, ಫ್ಯಾನ್ ಹಾಕ್ಬೇಡಿ, ಊದುಬತ್ತಿ ಮುಟ್ಲೇಬೇಡಿ" ಎಂದು ಮನೆಯವರಿಗೆ ಆಜ್ಞೆ ಮಾಡಿದೆ. "ವಾಸನೆ ಒಂದೇ ಸಮ ಇದ್ರೆ ಹತ್ತು ನಿಮಿಷಕ್ಕೆ ಅವರ ಮೂಗು ಸುಮ್ನಾಗುತ್ತೆ. ಆಮೇಲೇ ನಾನು ಕಾಫಿ ತರೋದು."

ಮಗನ ಜೊತೆ ಬಂದ ಚಿಕ್ಕಮುನಿಯಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಒಳಗೆ ಕಾಲಿಟ್ಟರು. ಪ್ರೆಸ್ಸಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ಗಂಟಲು ಹೇಗಾಗಿತ್ತೆಂದರೆ, "ಚೆನ್ನಾಗಿದೀರಾ?" ಅಂದದ್ದಕ್ಕೆ ಎರಡನೇ ಮಹಡಿಯವರು ಬಗ್ಗಿ ನೋಡಿದರು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ಆ ಸೆರಗನ್ನೇ ನೋಡುತ್ತಿದ್ದೆ. ಅದು ಮೆಲ್ಲಗೆ ಗಲ್ಲಕ್ಕಿಳಿಯಿತು, ಆಮೇಲೆ ಭುಜಕ್ಕೆ. ಅವರು ಎರಡನೇ ಕೋಡುಬಳೆಗೆ ಕೈ ಹಾಕಿದಾಗ ನಾನು ಕಾಫಿ ಬೆರೆಸತೊಡಗಿದೆ.

ಆದರೆ ಬಿಲ್ಡಿಂಗ್ ಕಟ್ಟಿಸಿದವರು ಬಂದವರಿಗೆ ಸಂಪು, ಟ್ಯಾಂಕು, ಟೆರೇಸು ತೋರಿಸದೆ ಬಿಟ್ಟಾರೆಯೇ? "ಬನ್ನೀಮ್ಮ, ಮೇಲಿಂದ ಒಂದ್ಸಲ ನೋಡ್ಕೊಂಡ್ ಬರೋಣ" ಎಂದು ಅಪ್ಪ ಅವರನ್ನು ಕರೆದುಕೊಂಡು ಹೊರಟೇಬಿಟ್ಟರು. ನಾನು ಲೋಟ ಹಿಡಿದು ನಡುಮನೆಗೆ ಬರುವಷ್ಟರಲ್ಲಿ ಕುರ್ಚಿಗಳೆಲ್ಲ ಖಾಲಿ. ಟೆರೇಸಿನ ಮೇಲೆ ಕಾಲುವೆಗೆ ವಿರುದ್ಧ ದಿಕ್ಕಿನಿಂದ ಒಳ್ಳೆ ಗಾಳಿ. ಹುಟ್ಟಿನಿಂದ ಒಗ್ಗಿದ ಮೂಗು ಸುಲಭಕ್ಕೆ ಬದಲಾಗುವುದಿಲ್ಲ. ಹತ್ತು ನಿಮಿಷಕ್ಕೆ ಒಗ್ಗಿದ ಮೂಗು ಮತ್ತೆ ಎಚ್ಚರಗೊಳ್ಳಲು ಅಷ್ಟು ಗಾಳಿ ಸಾಕು.

ಇಳಿದು ಬಂದವರು ಹೊಸ್ತಿಲಲ್ಲೇ ನಿಂತರು. ಸೆರಗು ಮತ್ತೆ ಮೂಗಿಗೆ.

"ಆಗ್ಲೂ ಇದೇ ಗಬ್ಬಿತ್ತು. ಮಧ್ಯೆ ಎಲ್ಲೋಗಿತ್ತು?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಕಿಟಕಿ, ಫ್ಯಾನು, ಗುಮಾಸ್ತ ಎಲ್ಲವನ್ನೂ ಹೇಳಿಬಿಟ್ಟೆ. ಶಿವಶಂಕರ ನೆಲ ನೋಡುತ್ತಿದ್ದ.

"ಅಂಗಾರೆ ನನ್ ಮೂಗಿಗೇ ಮಂಕುಬೂದಿ ಎರಚಿದ್ಯಾ?"

"ಹೂಂ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಬಂದು ಕೂತರು. "ನಾನ್ ಮದ್ವೆಯಾಗಿ ಬಂದಾಗ ಪ್ರೆಸ್ ಸದ್ದಿಗೆ ಅತ್ತಿದ್ದೆ ಕಣವ್ವ. ಈಗ ಭಾನ್ವಾರ ಮಿಷನ್ ನಿಂತ್ರೆ ತಲೆನೋವು ಬತ್ತದೆ. ನೀನೂ ಅಂಗೇ ಆಯ್ತೀಯ. ಕಾಫಿ ತತ್ತಾ."

ಮದುವೆಯಾಯಿತು. ಪೀಣ್ಯದಲ್ಲಿ ಮೊದಲು ನನಗೂ ತಲೆ ಸಿಡಿದುಹೋಯಿತು, ಆಮೇಲೆ ಪ್ರೆಸ್ಸು ಓಡುತ್ತಿದೆಯೋ ಇಲ್ಲವೋ ಎನ್ನುವುದೇ ತಿಳಿಯದಾಯಿತು.

ಆಷಾಢಕ್ಕೆ ತವರಿಗೆ ಬಂದೆ. ಆಟೋ ಇಳಿದು ಗೇಟು ತಳ್ಳಿದಾಗ ಮುಖಕ್ಕೆ ಏನೋ ರಾಚಿತು. ಎಲ್ಲೋ ಏನೋ ಸತ್ತು ಬಿದ್ದಿರಬೇಕು ಅಂದುಕೊಂಡೆ. ಯೋಚಿಸುವ ಮೊದಲೇ ನನ್ನ ಸೆರಗು ಮೂಗಿನ ಮೇಲಿತ್ತು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಅದನ್ನು ನೋಡಿದಳು. ಅವಳ ಮುಖ ಸಪ್ಪಗಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಏನಿಲ್ಲಮ್ಮ" ಅಂದೆ.

"ಯಾಕೆ ಅಷ್ಟೊಂದು ಕಿರುಚ್ತೀಯಾ?" ಅಂದಳು ಅಮ್ಮ.

ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ಒಳಗೆ ಹೋದಳು. ಒಂದೊಂದಾಗಿ ಕಿಟಕಿಗಳನ್ನೆಲ್ಲ ಮುಚ್ಚಿದಳು, ಫ್ಯಾನು ಆರಿಸಿದಳು.

"ಕೂತ್ಕೋ" ಅಂದಳು. "ಹತ್ತು ನಿಮಿಷ. ಹೋಗುತ್ತೆ."