ಅಪ್ಪನ ಹೆಬ್ಬೆಟ್ಟಿನ ಜಾಗ

ದೋಣಿ ಇನ್ನೂ ಆಚೆ ದಡದಲ್ಲಿ, ಬಂಟ್ವಾಳದ ಕಡೆ, ಕೊಡೆಗಳು ಒಂದೊಂದಾಗಿ ಇಳಿಯುತ್ತಿವೆ, ಎರಡು ಕಪ್ಪು, ಒಂದು ಓಲೆಯದ್ದು, ಕೊನೆಗೆ ದೋಣಿ ನಡೆಸುವ ಗಳ ಹಿಡಿದು ನಿಂತ ಅಪ್ಪ — ಬೇಗ ಬನ್ನಿ ಅಪ್ಪ, ಎಂದು ನರಿಕೊಂಬಿನ ದಡದಲ್ಲಿ ನಿಂತ ಲೋಲಾಕ್ಷಿಯ ಮನಸ್ಸು ಕೂಗಿತು, ಬಾಯಿ ಕೂಗಲಿಲ್ಲ, ಮೂರು ಗಂಟೆ ಆಗಿರಬೇಕು, ಬಂಟ್ವಾಳದ ಕಚೇರಿ ಐದಕ್ಕೆ ಮುಚ್ಚುತ್ತದೆ, ಇವತ್ತು ತಪ್ಪಿದರೆ ಮಂಗಳೂರಿನ ಕಾಲೇಜೂ ತಪ್ಪಿತು, ಎದೆಗೆ ಅವುಚಿದ ಪೇಪರಿನ ಸುತ್ತಿನೊಳಗೆ ವಿದ್ಯಾರ್ಥಿವೇತನದ ಫಾರಂ, ಜತೆಗೆ ಮೂಸಾ ಬ್ಯಾರಿಗಳ ಅಂಗಡಿಯಿಂದ ಕೇಳಿ ತಂದ ಶಾಯಿಯ ಡಬ್ಬಿ, ಫಾರಮಿನ ಅಡಿಯಲ್ಲಿ ಒಂದು ಖಾಲಿ ಚೌಕ, ತಂದೆಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ಹೋದ ವಾರ ಮೊದಲಿನ ಫಾರಂ ತಿರುಗಿ ಬಂದದ್ದು ಯಾರ ತಪ್ಪು, ಅವಳದ್ದೇ, ತಂದೆಯ ಹೆಸರು ಎಂದಲ್ಲಿ ಜತ್ತಪ್ಪ ಮಾವನ ಹೆಸರು ಬರೆದಿದ್ದಳು, ಸಹಿ ಆಮೇಲೆ ಕೇಳಿದರಾಯಿತೆಂದು, ಮತ್ತೇನು ಬರೆಯುವುದು, ಮೆಲ್ಕಾರಿನ ಮನೆಯಲ್ಲಿ ಎಲ್ಲದಕ್ಕೂ ಸಹಿ ಮಾಡುವವರು ಅಮ್ಮನ ಅಣ್ಣ, ಯಜಮಾನರು, ಹೆಣ್ಣಿನ ಕಡೆಯಿಂದಲೇ ವಂಶ ಸಾಗುವ ಅಳಿಯಕಟ್ಟಿನ ಕುಟುಂಬದಲ್ಲಿ ಅಪ್ಪ ಎಂದರೆ ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ತನ್ನ ಅಕ್ಕನ ಮನೆಗೆ ಹೊರಡುವವರು — ವರಮಾನ ಎಂದಲ್ಲಿ ಇಡೀ ಕುಟುಂಬದ ಗದ್ದೆಯನ್ನೇ ತುಂಬಿದ್ದಳು, ಹದಿನೇಳು ಮಂದಿ ಉಣ್ಣುವ ಗದ್ದೆ, ಗುಮಾಸ್ತರು ಕನ್ನಡಕ ಮೇಲೇರಿಸಿ, ಇಷ್ಟು ವರಮಾನ ಇದ್ದವರಿಗೆ ಸರಕಾರ ಯಾಕೆ ಸಾಲ ಕೊಡ್ತದೆ ಮಾರಾಯ್ತಿ, ತಂದೆ ಅಂದ್ರೆ ತಂದೆ, ಮಾವ ಅಲ್ಲ, ಬೇರೆ ಫಾರಂ ಬರೀರಿ, ಹೆಬ್ಬೆಟ್ಟಾದ್ರೆ ಗೆರೆ ಸರಿಯಾಗಿ ಬೀಳ್ಬೇಕು, ಎಂದಿದ್ದರು. ಕಿವಿ ಬಿಸಿಯಾಗಿತ್ತು ಅವಳಿಗೆ, ಆದರೂ ಹೊಸ ಫಾರಂ ಕೇಳಿ ತೆಗೆದುಕೊಂಡೇ ಮೆಟ್ಟಿಲಿಳಿದಳು.

ಸಾಲ ವಿದ್ಯಾರ್ಥಿವೇತನ, ಇದು ಕೊಡುವುದೋ ಕೊಟ್ಟು ಕಸಿಯುವುದೋ ಎಂದು ಅವಳಿಗೂ ಮೊದಲು ತಲೆಬುಡ ತಿಳಿದಿರಲಿಲ್ಲ, ಹೆಡ್‌ಮಾಸ್ಟ್ರು ಪದ್ಮಯ್ಯನವರು ಬಿಡಿಸಿ ಹೇಳಿದರು, ಕೆಲಸ ಸಿಕ್ಕಿದ ಮೇಲೆ ಕಂತು, ಬಡ್ಡಿ ಇಲ್ಲ, ಟೀಚರಾದರೆ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲು ಮನ್ನಾ, ಹತ್ತು ವರ್ಷ ಪಾಠ ಮಾಡು, ಸಾಲವೇ ಇಲ್ಲ — ಹತ್ತು ವರ್ಷ ಏನು ಮಹಾ, ಇಪ್ಪತ್ತು ಮಾಡಿಯಾಳು, ಆದರೆ ಫಾರಂ ತಿರುಗಿ ಬಂದ ದಿನ ಮನೆಯಲ್ಲಿ ಅಮ್ಮ ಸೇಸಮ್ಮ ಸಾಲ ಎಂಬ ಮಾತಿಗೇ ಕುಸಿದು ಕೂತಳು, ಗಂಡು ಮಾಡಿದ ಸಾಲ ಅವನೊಟ್ಟಿಗೆ ಮುಗೀತದೆ, ಹೆಣ್ಣು ಮಾಡಿದ್ರೆ ಹುಟ್ಟುವ ಮಕ್ಕಳ ತಲೆಗೆ ಬರ್ತದೆ, ನಮ್ಮ ಕುಟುಂಬ ಬೆಳೆಯುವುದೇ ಹೆಣ್ಣಿನಿಂದ ಅಲ್ವಾ, ಅಂದಳು, ಮಾವ ಎಲೆಯಡಿಕೆ ಉಗಿದು, ನಾನು ಸಹಿ ಹಾಕುದಿಲ್ಲ ಅಂದರು, ನಿಮ್ಮ ಸಹಿ ಬೇಡವಂತೆ ಮಾವ, ಎಂದುಬಿಟ್ಟಳು ಲೋಲಾಕ್ಷಿ, ಎಲ್ಲಿಂದ ಬಂತೋ ಧೈರ್ಯ, ಸಾಲ ಕುಟುಂಬದ್ದಲ್ಲ, ನನ್ನ ಹೆಸರಿನದ್ದು, ನಾನೇ ತೀರಿಸ್ತೇನೆ, ಆ ಮಾತು ಈಗಲೂ ಎದೆಯೊಳಗೆ ಹಾಗೇ ನಿಂತಿದೆ, ಹಿಂದೆ ತೆಗೆದುಕೊಳ್ಳುವುದಿಲ್ಲ, ಸತ್ತರೂ ಇಲ್ಲ.

ದೋಣಿ ದಡ ಮುಟ್ಟಿತು, ಅಪ್ಪ ರುಕ್ಮಯ್ಯ ಗಳ ಊರಿ ನಿಂತು ಮಗಳು ಹೇಳಿದ್ದನ್ನೆಲ್ಲ ಕೇಳಿದರು, ನಾನಾ ಹಾಕುವುದು, ನಿನ್ನ ಮಾವ ಏನು ಹೇಳಿಯಾರು, ನಿಮ್ಮ ಮನೆಗೆ ನಾನು ನೆಂಟ ಮಗಾ — ಫಾರಮಿನಲ್ಲಿ ನೀವು ನೆಂಟ ಅಲ್ಲ ಅಪ್ಪ, ಎಂದಳು ಅವಳು, ಅವರು ಎಡಗೈ ಹೆಬ್ಬೆಟ್ಟನ್ನು ಪಂಚೆಗೆ ಮೂರು ಸಲ ಒರೆಸಿದರು, ಜ್ವರ ಬಂದಾಗ ಅವಳ ಹಣೆ ಸವರುತ್ತಿದ್ದ ಹೆಬ್ಬೆಟ್ಟು, ನುಣ್ಣಗಿನದ್ದು, ಎಲ್ಲ ಅಪ್ಪಂದಿರದ್ದೂ ಹೀಗೇ ಇರುತ್ತದೆ ಎಂದುಕೊಂಡಿದ್ದಳು ಸಣ್ಣವಳಿರುವಾಗ, ಶಾಯಿಗೆ ಅದ್ದಿ ಚೌಕದ ಮೇಲೆ ಒತ್ತಿ ತೆಗೆದರೆ — ಗೆರೆ ಎಲ್ಲಿ, ಒಂದು ನೀಲಿ ಗುಂಡು ಅಷ್ಟೆ, ಪೇಪರಿನ ಅಂಚಿನಲ್ಲಿ ಬಲಗೈಯದ್ದು ಒತ್ತಿ ನೋಡಿದರು, ಅದೂ ಹಾಗೇ, ಮೂವತ್ತು ವರ್ಷ ಒದ್ದೆ ಗಳ ಜಾರಿ ಜಾರಿ ಎರಡು ಕೈಯ ಗೆರೆಯನ್ನೂ ನೇತ್ರಾವತಿಗೆ ಕೊಟ್ಟಾಗಿದೆ, ಅಪ್ಪನ ಮುಖ ಸಣ್ಣದಾಯಿತು, ಹಾಳು ಮಾಡಿದೆನಾ ಮಗಾ, ಬೇರೆ ಯಾರದ್ದಾದ್ರೂ ಹಾಕಿಸುವ. ಬೇರೆ ಯಾರೂ ಇಲ್ಲ, ಅವಳು ದೋಣಿ ಹತ್ತಿ ಕೂತಳು, ದೋಣಿ ಬಿಡಿ ಅಪ್ಪ, ನೀವೂ ಬನ್ನಿ ಕಚೇರಿಗೆ, ಗೆರೆ ಯಾಕಿಲ್ಲ ಎಂದು ಕೇಳಲಿ, ಈ ಕೈಯನ್ನೇ ಮೇಜಿನ ಮೇಲೆ ಇಡಿಸುತ್ತೇನೆ, ನೋಡಲಿ, ಮುಟ್ಟಿ ನೋಡಲಿ, ಆಗುದಿಲ್ಲ ಅಂದರೆ ಆಗುವವರೆಗೆ ಅಲ್ಲೇ ನಿಲ್ಲುತ್ತೇನೆ, ಐದಾಗಲಿ ಆರಾಗಲಿ, ಗಳ ನೀರಿಗಿಳಿಯಿತು, ಎದ್ದಿತು, ಅಪ್ಪನ ಕೈ ಅದರ ಮೇಲೆ ಜಾರಿತು, ಮತ್ತೆ ಜಾರಿತು, ಮಡಿಲಲ್ಲಿ ಬಿಚ್ಚಿದ ಫಾರಂ, ಶಾಯಿ ಒಣಗಬೇಕು, ತಂದೆಯ ಗುರುತು ಎಂಬಲ್ಲಿ, ಚೌಕದೊಳಗೆ, ನೀಲಿ, ನುಣ್ಣಗೆ, ಒಂದು ಗೆರೆಯೂ ಇಲ್ಲದೆ, ಅಪ್ಪನ ಹೆಬ್ಬೆಟ್ಟು