ಸಾಲವೋ ತಪ್ಪೋ

ಪ್ರಾರ್ಥನೆ ಹೇಳಿಸಲು ಡಾರ್ಲಾ ಎದ್ದು ನಿಲ್ಲುವಷ್ಟರಲ್ಲಿ ಲೋವೆಲ್ ಆಗಲೇ ಊರ ರೂಢಿಯಂತೆ ದಾಲ್ಚಿನ್ನಿ ಬನ್ನು ಮುರಿದು ಬೀನ್ಸ್ ಸಾರಿಗೆ ಅದ್ದಿದ್ದ. ನೆಬ್ರಾಸ್ಕಾದ ಆ ಹಳ್ಳಿಯ ಚರ್ಚಿನ ನೆಲಮಾಳಿಗೆಯಲ್ಲಿ ಬುಧವಾರದ ಊಟಕ್ಕೆ ಊರೆಲ್ಲ ಸೇರಿತ್ತು.

"ಬೇಗ ಮುಗ್ಸಿ ಟೀಚರಮ್ಮ," ಎಂದ. "ಪ್ರಾರ್ಥನೆಯಾದ್ರೂ ಸರ್ಕಾರದ ದುಡ್ಡಿಲ್ದೆ ಬರುತ್ತೆ ತಾನೆ?"

ಅವನ ಮೇಜಿನವರು ನಕ್ಕರು. ಡಾರ್ಲಾ ನಗಲಿಲ್ಲ.

ತನ್ನ ಓದಿನ ಸಾಲವನ್ನು ಸರ್ಕಾರ ಮನ್ನಾ ಮಾಡುತ್ತದೆಂದು ನಂಬಿ ಅವಳು ಪೆಟ್ರೋಲ್ ಬಂಕಿನ ಸಂಜೆ ಕೆಲಸ ಬಿಟ್ಟಿದ್ದಳು. ಮನ್ನಾ ಮಾಡಬಾರದೆಂದು ಮನೆಮನೆ ತಿರುಗಿ ಸಹಿ ಹಾಕಿಸಿದವನು ಲೋವೆಲ್. ಕೋರ್ಟು ಮನ್ನಾ ತಡೆದ ಮೇಲೆ ಅವಳು ಬಂಕಿನ ಯಜಮಾನನ ಕಾಲು ಹಿಡಿದಂತೆ ಬೇಡಿ ಮತ್ತೆ ಅದೇ ಕೌಂಟರಿಗೆ ನಿಂತಳು. ಮೊದಲ ಸಂಜೆಯೇ ಕಾಫಿಗೆ ಬಂದ ಲೋವೆಲ್, "ಸಾಲ ಮಾಡ್ದೋರು ತೀರಿಸ್ಬೇಕಮ್ಮ, ಅದು ಮರ್ಯಾದೆ," ಎಂದಿದ್ದ. ಚೀನಾದವರು ಸೋಯಾ ಕೊಳ್ಳದ ವರ್ಷ, ಸೋಯಾ ಬೆಳೆಯುವ ಅವನ ಖಾತೆಗೆ ಸರ್ಕಾರದ ಪರಿಹಾರ ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಅದನ್ನು ಯಾರೂ ಆಡುತ್ತಿರಲಿಲ್ಲ. ಅರ್ಧ ಊರಿಗೆ ಬಿದ್ದಿತ್ತು.

ಡಾರ್ಲಾ ಒಂದೊಂದೇ ಸಾಲು ಹೇಳಿಕೊಟ್ಟಳು, ಉಳಿದವರು ಹಿಂಬಾಲಿಸಿದರು. ಎಲ್ಲರೂ ಕಾಯುವ ತೊಡಕಿನ ಸಾಲು ಬಂತು. ಈ ಚರ್ಚಿನ ಮೂಲ ಪಂಗಡದವರಾದ ಪ್ರೆಸ್ಬಿಟೇರಿಯನ್ನರು ತಲೆಮಾರುಗಳಿಂದ "ಸಾಲಗಳನ್ನು ಮನ್ನಿಸು" ಎನ್ನುವವರು. ತಮ್ಮ ಚರ್ಚು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಸೇರಿದ ಇನ್ನೊಂದು ಪಂಗಡದ ಮೆಥಡಿಸ್ಟರು "ತಪ್ಪುಗಳನ್ನು" ಎನ್ನುವವರು. ಪ್ರತಿ ವಾರ ಅಲ್ಲಿ ದನಿ ಕಲಸುಮೇಲೋಗರವಾಗಿ ಯಾರಾದರೂ ಕಿಸಕ್ಕೆನ್ನುತ್ತಿದ್ದರು.

"ನಮ್ಮ ಸಾಲಗಾರರನ್ನು ನಾವು ಮನ್ನಿಸಿದಂತೆ," ಎಂದಳು ಡಾರ್ಲಾ ನಿಧಾನವಾಗಿ, "ನಮ್ಮ ಸಾಲಗಳನ್ನು ಮನ್ನಿಸು."

ಎಲ್ಲರೂ ತಮ್ಮ ತಮ್ಮ ರೂಢಿಯಂತೆ ಅಂದರು. ಅವಳು ಮುಂದಕ್ಕೆ ಹೋಗಲಿಲ್ಲ.

"ಲೋವೆಲ್ ಅವ್ರ ದನಿ ಕೇಳ್ಲಿಲ್ಲ," ಎಂದಳು, ಮೂರನೇ ತರಗತಿಯ ಮಕ್ಕಳಿಗೆ ಹೇಳುವ ದನಿಯಲ್ಲಿ. "ಸಭೆ ಹಿರಿಯರು ನೀವು. ಒಬ್ರೇ ಹೇಳಿ, ನಾವು ಕೇಳ್ತೀವಿ."

ಲೋವೆಲ್ ಸುತ್ತ ನೋಡಿದ. ಪಾದ್ರಿ ತಮ್ಮ ಬೂಟು ನೋಡುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, "ನಮಗೆ ತಪ್ಪು ಮಾಡಿದವರನ್ನು ನಾವು ಮನ್ನಿಸಿದಂತೆ..." ಎಂದು ಶುರುಮಾಡಿದ.

ಹಿಂದಿನಿಂದ ಒಬ್ಬ ಮುದುಕ, "ಇದ್ಯಾವಾಗಪ್ಪಾ ಮೆಥಡಿಸ್ಟ್ ಆದೆ?" ಎಂದ. ನಗು ಈ ಸಲ ಅವಳ ಕಡೆಯಿಂದ ಎದ್ದಿತು.

"ಅದು ಮೆಥಡಿಸ್ಟರ ಮಾತು," ಎಂದಳು ಡಾರ್ಲಾ. "ನಿಮ್ಮ ತಾಯಿ ಕಲಿಸಿದ್ದು ಹೇಳಿ."

ಅವನ ಕಿವಿ ಕೆಂಪೇರಿತು. ತುಟಿಯಲ್ಲೇ ಏನೋ ಅಂದ.

"ಇನ್ನೂ ಸ್ವಲ್ಪ ಜೋರಾಗಿ."

"ಸಾಕು ಬಿಡೇ ಡಾರ್ಲಾ," ಎಂದು ಯಾರೋ ಪಿಸುಗುಟ್ಟಿದರು. ಅವಳು ಕೈಜೋಡಿಸಿಕೊಂಡು ನಿಂತೇ ಇದ್ದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.

ಲೋವೆಲ್‌ನ ಹೆಂಡತಿ ನಡೀನ್ ಕಣ್ಣು ಮುಚ್ಚಿಕೊಂಡೇ, "ಹೇಳ್ಬಿಡಿ ಅಂದ್ರೆ, ಎಲ್ರೂ ಹಸ್ಕೊಂಡಿದಾರೆ," ಎಂದಳು.

ಅವನು ಕೈಯಲ್ಲಿದ್ದ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿ, ಮತ್ತೆ ಬಾಯಿ ತೆರೆದ. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುವುದೂ ಆಗಲೇ ನಿಂತಿತು.